ಐಬಿಎಸ್, ಗ್ಯಾಸ್ಟ್ರಿಕ್ ಮತ್ತು ನಮ್ಮ ಕರಾವಳಿ ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಟ್ಟೆ ಸರಿ ಇಲ್ಲ ಅಂತ ಆಹಾರ ಸಲಹೆಗೆ ಬರುವ ಮಂಗಳೂರು, ಉಡುಪಿ ಕಡೆಯವರು ನನ್ನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಐಬಿಎಸ್ ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್, ಹೊಟ್ಟೆನೋವಿನ ಜೊತೆ ಮೋಷನ್ ಏರುಪೇರಾಗುವ, ಬಹಳ ಕಾಲ ಕಾಡುವ ಕರುಳಿನ ತೊಂದರೆ. ಕೆಲವರು ಎದುರು ಕೂತು ಕೇಳುತ್ತಾರೆ, ಕೆಲವರು ಪತ್ರ ಬರೆಯುತ್ತಾರೆ, ಜಾಸ್ತಿ ಜನ ವಾಟ್ಸಾಪಿನಲ್ಲಿ ಕೇಳುತ್ತಾರೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ. ಮೊದಲು ಸಾಮಾನ್ಯವಾದವು, ಆಮೇಲೆ ಸ್ವಲ್ಪ ಆಳದವು. ಎಲ್ಲ ಓದಬೇಕೆಂದಿಲ್ಲ. ಆದರೆ ಮೂರನೆಯ ಪ್ರಶ್ನೆಯನ್ನು ಮಾತ್ರ ದಯವಿಟ್ಟು ಬಿಡಬೇಡಿ.

## ಮೊದಲು ತಿಳಿಯಬೇಕಾದ್ದು

ಎಂಡೋಸ್ಕೋಪಿ, ಸ್ಕ್ಯಾನ್, ರಕ್ತ ಪರೀಕ್ಷೆ ಎಲ್ಲ ನಾರ್ಮಲ್ ಅಂತೆ. ಹಾಗಾದ್ರೆ ಈ ಹೊಟ್ಟೆನೋವು ನನ್ನ ಭ್ರಮೆಯಾ?

ಖಂಡಿತ ಭ್ರಮೆ ಅಲ್ಲ. ಎಂಡೋಸ್ಕೋಪಿಯಲ್ಲಿ ಕಾಣುವುದು ಒಳಗಿನ ಗೋಡೆ ಮಾತ್ರ. ಹುಣ್ಣು, ಊತ, ಗಡ್ಡೆ ಇದ್ದರೆ ಅಲ್ಲಿ ಗೊತ್ತಾಗುತ್ತದೆ. ಕರುಳಿನ ನರಗಳು ಎಷ್ಟು ಸೂಕ್ಷ್ಮವಾಗಿವೆ, ಅವು ಕಳಿಸುವ ಸುದ್ದಿಯನ್ನು ಮಿದುಳು ಹೇಗೆ ತೆಗೆದುಕೊಳ್ಳುತ್ತಿದೆ ಅನ್ನುವುದು ಈ ಪರೀಕ್ಷೆಗಳಲ್ಲಿ ಸಿಗುವುದಿಲ್ಲ. ಕರುಳಿನ ಗೋಡೆಯೊಳಗೆ ಕೋಟಿಗಟ್ಟಲೆ ನರಕೋಶಗಳಿವೆ. ವೇಗಸ್ ಎಂಬ ದೊಡ್ಡ ನರ ಅವುಗಳ ಸುದ್ದಿಯನ್ನು ದಿನವಿಡೀ ಮಿದುಳಿಗೆ ತಲುಪಿಸುತ್ತಾ, ಅಲ್ಲಿಂದ ಉತ್ತರ ತರುತ್ತಾ ಇರುತ್ತದೆ. ಆ ದಾರಿಯಲ್ಲಿ ಏರುಪೇರಾದರೆ ಬೇರೆಯವರಿಗೆ ಗೊತ್ತೇ ಆಗದ ಸಣ್ಣ ವಾಯು ನಿಮಗೆ ನೋವಾಗಿ ಕಾಡುತ್ತದೆ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಐಬಿಎಸ್ ಇರುವವರಿಗೂ ಇಲ್ಲದವರಿಗೂ ಒಂದೇ ಬಗೆಯ ಸಕ್ಕರೆ, ನಾರು ಕೊಟ್ಟು ಎಂಆರ್‌ಐ ಮಾಡಿ ನೋಡಿದರು. ಕರುಳಿನಲ್ಲಿ ತುಂಬಿದ ನೀರು, ವಾಯು ಇಬ್ಬರಲ್ಲೂ ಹೆಚ್ಚುಕಡಿಮೆ ಅಷ್ಟೇ. ಒದ್ದಾಡಿದವರು ಮಾತ್ರ ಹೆಚ್ಚಾಗಿ ಐಬಿಎಸ್ ಇದ್ದವರು. 2016ರಲ್ಲಿ ಬಂದ ರೋಮ್ 4 ಎಂಬ ವೈದ್ಯಕೀಯ ಮಾನದಂಡ ಇಂಥ ಕಾಯಿಲೆಗಳನ್ನೆಲ್ಲ ಕರುಳು ಮತ್ತು ಮಿದುಳಿನ ಒಡನಾಟದ ತೊಂದರೆಗಳು ಅಂತಲೇ ಕರೆಯಿತು. ಹಾಗಾಗಿ ಮನೆಯವರು "ಎಲ್ಲ ನಾರ್ಮಲ್ ಉಂಟಲ್ಲ, ಸುಮ್ನೆ ಯೋಚನೆ ಮಾಡ್ಬೇಡ" ಅಂದರೆ ಈ ಉತ್ತರವನ್ನು ಅವರಿಗೂ ಓದಿ ಹೇಳಿ.

ನಂದು ಗ್ಯಾಸ್ಟ್ರಿಕ್ಕಾ, ಐಬಿಎಸ್ಸಾ?

ನಮ್ಮಲ್ಲಿ ಹೊಕ್ಕುಳಿನ ಮೇಲೆ ಆದರೂ ಗ್ಯಾಸ್ಟ್ರಿಕ್, ಕೆಳಗೆ ಆದರೂ ಗ್ಯಾಸ್ಟ್ರಿಕ್. ಬೇರೆ ಮಾಡಿ ನೋಡಿದರೆ ಊಟದ ಸಲಹೆಯೂ ಬೇರೆಯಾಗುತ್ತದೆ.

ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಉಂಡ ಮೇಲೆ ಗಂಟೆಗಟ್ಟಲೆ ಭಾರ, ಎದೆಗೂಡಿನ ಕೆಳಗೆ ನೋವು ಅಥವಾ ಉರಿ, ಇದು ಜಠರದ ಕಡೆಯದು. ಪರೀಕ್ಷೆಯಲ್ಲಿ ಬೇರೆ ಕಾರಣ ಸಿಗದಿದ್ದರೆ ಫಂಕ್ಷನಲ್ ಡಿಸ್ಪೆಪ್ಸಿಯಾ ಅನ್ನುತ್ತಾರೆ. ಇದರಲ್ಲಿ ಹೆಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆಯಾ ಅಂತ ಒಮ್ಮೆ ನೋಡಿಸಬೇಕು. ಐಬಿಎಸ್‌ನಲ್ಲಿ ಹೊಟ್ಟೆನೋವಿನ ಜೊತೆ ಮೋಷನ್ ಬದಲಾಗುತ್ತದೆ: ಲೂಸ್, ಗಟ್ಟಿ, ಅಥವಾ ಎರಡೂ. ರೋಮ್ 4 ಪ್ರಕಾರ ತೊಂದರೆ ಶುರುವಾಗಿ ಕನಿಷ್ಠ 6 ತಿಂಗಳಾಗಿರಬೇಕು, ಕೊನೆಯ 3 ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ನೋವು ಬಂದಿರಬೇಕು. ಎರಡೂ ಒಟ್ಟಿಗೆ ಇರುವವರು ಬಹಳ ಜನ ಇದ್ದಾರೆ. ಮೆಡಿಕಲ್ ಶಾಪಿನಿಂದ ತಾವೇ ಆಸಿಡ್ ಮಾತ್ರೆ ತಂದು ವರ್ಷಗಟ್ಟಲೆ ನುಂಗುವವರನ್ನು ಕಂಡರೆ ನನಗೆ ನಿಜವಾಗಿ ಬೇಸರ. ಆ ಮಾತ್ರೆ ಐಬಿಎಸ್‌ಗೆ ಇರುವುದಲ್ಲ.

ಯಾವಾಗ ಡಾಕ್ಟ್ರ ಹತ್ರ ಹೋಗ್ಲೇಬೇಕು?

ಮಲದಲ್ಲಿ ರಕ್ತ, ಮಲ ಟಾರಿನ ಹಾಗೆ ಕಪ್ಪಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಬಿಡದ ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ನುಂಗಲು ಕಷ್ಟ, ಪದೇ ಪದೇ ವಾಂತಿ. ಇವುಗಳಲ್ಲಿ ಒಂದಿದ್ದರೂ ಊಟ ಬದಲಿಸಿ ನೋಡೋಣ ಅಂತ ಕೂರಬೇಡಿ. 50ರ ಆಸುಪಾಸಿನಲ್ಲಿ ಅಥವಾ ಅದರ ಮೇಲೆ ಮೊದಲ ಸಲ ಶುರುವಾದ ತೊಂದರೆಗೂ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದವರಿಗೂ ಇದೇ ಮಾತು.

ಊಟ ಸರಿ ಮಾಡಿದ್ರೆ ಪೂರ್ತಿ ಗುಣ ಆಗ್ತದಾ?

ಊಟ ತೊಂದರೆಯನ್ನು ಕೆರಳಿಸುತ್ತದೆ, ಆದರೆ ಮೂಲ ಕಾರಣ ಹೆಚ್ಚಾಗಿ ಬೇರೆ ಇರುತ್ತದೆ. ಕರುಳಿನ ಸೋಂಕು ಬಂದ ಹತ್ತರಲ್ಲಿ ಸುಮಾರು ಒಬ್ಬರಿಗೆ ಆಮೇಲೆ ಐಬಿಎಸ್ ಉಳಿದುಬಿಡುತ್ತದೆ. ಇನ್ನು ಕೆಲವರಿಗೆ ಜೀವನದ ಒಂದು ಕಷ್ಟದ ಕಾಲದಲ್ಲಿ ಶುರುವಾಗಿರುತ್ತದೆ. ಅದಕ್ಕೇ ನಾನು ಗುಣ ಮಾಡುತ್ತೇನೆ ಅಂತ ಯಾರಿಗೂ ಹೇಳುವುದಿಲ್ಲ. ನೋವಿನ ದಿನಗಳು ಕಡಿಮೆಯಾಗಬೇಕು, ಹೆದರದೆ ತಿನ್ನುವ ಪದಾರ್ಥಗಳು ಜಾಸ್ತಿಯಾಗಬೇಕು. ಈ ಎರಡನೆಯದನ್ನು ಜನ ಮರೆಯುತ್ತಾರೆ.

ಹಾಗಾದ್ರೆ ಮೊದಲು ಎಂತ ಬಿಡಬೇಕು?

ಮೊದಲು ಏನನ್ನೂ ಬಿಡಬೇಡಿ. ಎರಡು ವಾರ ಬರೆದಿಡಿ: ಎಷ್ಟು ಗಂಟೆಗೆ ಏನು ತಿಂದಿರಿ, ಎಷ್ಟು ತಿಂದಿರಿ, ನೋವು ಯಾವಾಗ ಬಂತು, ಆ ದಿನ ನಿದ್ದೆ ಹೇಗಿತ್ತು, ತಲೆಬಿಸಿ ಏನಿತ್ತು. ಹೆಂಗಸರು ಮುಟ್ಟಿನ ದಿನಗಳನ್ನೂ ಗುರುತು ಮಾಡಿ, ಆಗ ಎಷ್ಟೋ ಜನರಿಗೆ ತೊಂದರೆ ಏರುತ್ತದೆ.

ಬರೆಯುವಾಗ ಒಂದು ವಿಷಯ ಗಮನದಲ್ಲಿರಲಿ. ತಿಂದ ಅರ್ಧ ಗಂಟೆಯೊಳಗೆ ಓಡುವ ಹಾಗಾದರೆ ಆಗ ತಾನೇ ತಿಂದ ತಿಂಡಿಯನ್ನು ಬೈಯಬೇಡಿ. ಹೊಟ್ಟೆ ತುಂಬಿದ ಕೂಡಲೇ ದೊಡ್ಡ ಕರುಳು ಚಲಿಸುವುದು ಎಲ್ಲರಲ್ಲೂ ಇರುವ ಸಹಜ ಕ್ರಿಯೆ, ಐಬಿಎಸ್‌ನಲ್ಲಿ ಅದು ಜೋರಾಗಿರುತ್ತದೆ ಅಷ್ಟೇ. ದೊಡ್ಡ ಕರುಳಿನಲ್ಲಿ ಹುದುಗಿ ವಾಯುವಾಗುವ ಪದಾರ್ಥಗಳು ತೊಂದರೆ ಕೊಡುವುದು ಎಷ್ಟೋ ಗಂಟೆ ಬಿಟ್ಟು. ಬೆಳಗ್ಗಿನ ಹೊಟ್ಟೆನೋವಿಗೆ ನಿನ್ನೆ ರಾತ್ರಿಯ ಊಟ ಕಾರಣ ಇರಬಹುದು.

ಇದರ ಜೊತೆ ಊಟದ ಹೊತ್ತು ಸರಿ ಮಾಡಿ. ಬೆಳಗ್ಗೆ ಚಾ ಮಾತ್ರ, ಮಧ್ಯಾಹ್ನ ಮೂರಕ್ಕೆ ಊಟ, ರಾತ್ರಿ ಹತ್ತೂವರೆಗೆ ಹೊಟ್ಟೆ ಬಿರಿಯುವಷ್ಟು, ಈ ಕ್ರಮ ಯಾವ ಕರುಳಿಗೂ ಹಿತವಲ್ಲ. ಚಾ, ಕಾಫಿ ಸೇರಿ ದಿನಕ್ಕೆ ಮೂರು ಕಪ್ ಮೀರದಿರಲಿ ಅಂತ ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ಸೋಡಾ, ಮದ್ಯ, ಎಣ್ಣೆಯಲ್ಲಿ ಕರಿದದ್ದು ಕಡಿಮೆ ಮಾಡಿ. ನಿಧಾನ ಅಗಿದು ತಿನ್ನಿ. ಇಷ್ಟು ಸಾದಾ ಸಲಹೆಯಿಂದ ಏನಾದೀತು ಅನಿಸುತ್ತದೆ ಅಲ್ವಾ? ಸ್ವೀಡನ್ನಿನಲ್ಲಿ 75 ಮಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಸಾದಾ ಸಲಹೆಗೂ, ಹುದುಗುವ ಸಕ್ಕರೆಗಳನ್ನು ಕಡಿಮೆ ಮಾಡುವ ಹೆಸರಾಂತ ಲೋ ಫಾಡ್‌ಮ್ಯಾಪ್ ಪಥ್ಯಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಎರಡರಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಹಿಡಿಸಿತು.

## ನಮ್ಮ ಊಟ, ನಮ್ಮ ತಿಂಡಿ

ಕುಚ್ಚಲಕ್ಕಿ ಬಿಟ್ಟು ಬೆಳ್ತಿಗೆ ತಿನ್ಬೇಕಾ?

ಬೇಡ. ಅಕ್ಕಿ ಎರಡೂ ಬಗೆಯದ್ದು ಕರುಳಿಗೆ ಹಗುರ, ಅದರ ಪಿಷ್ಟ ಬಹುಪಾಲು ಸಣ್ಣ ಕರುಳಿನಲ್ಲೇ ಜೀರ್ಣವಾಗುತ್ತದೆ. ಗಂಜಿ, ನೀರುದೋಸೆ, ಪುಂಡಿ, ಸೇಮಿಗೆ, ಮೂಡೆ, ಎಲ್ಲ ಅಕ್ಕಿಯವೇ. ಗೋಧಿ ಜಾಸ್ತಿ ತಿನ್ನುವ ಊರಿನವರಿಗಿಂತ ನಮಗೆ ಈ ವಿಷಯದಲ್ಲಿ ಸುಲಭ. ಲೂಸ್ ಮೋಷನ್ ಇರುವ ದಿನ ಬಿಸಿ ಗಂಜಿಯ ಜೊತೆ ಚಿಟಿಕೆ ಉಪ್ಪು ಸಾಕು. ತಣಿದ ಅನ್ನದಲ್ಲಿ ಬೇಗ ಜೀರ್ಣವಾಗದ ಪಿಷ್ಟ ಸ್ವಲ್ಪ ಜಾಸ್ತಿ ಇರುತ್ತದೆ. ಹಾಗಾಗಿ ತಂಗಳನ್ನ ಕೆಲವರಿಗೆ ವಾಯು ಮಾಡಬಹುದು, ಆಗದವರು ಬಿಸಿಯಾಗೇ ಉಣ್ಣಿ.

ಹಾಲು ಬಿಟ್ಟಿದ್ದೇನೆ. ಮೊಸರು, ಮಜ್ಜಿಗೆ, ತಂಬುಳಿ ಆಗ್ತದಾ?

ಹೆಚ್ಚಿನವರಿಗೆ ಆಗುತ್ತದೆ. ಹಾಲಿನ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ನಮ್ಮ ದಕ್ಷಿಣದ ಬಹಳಷ್ಟು ದೊಡ್ಡವರಲ್ಲಿ ಕಡಿಮೆ. ಮೊಸರಾಗುವಾಗ ಬ್ಯಾಕ್ಟೀರಿಯಾಗಳು ಆ ಸಕ್ಕರೆಯ ಒಂದು ಪಾಲನ್ನು ತಿಂದಿರುತ್ತವೆ, ಮಜ್ಜಿಗೆಯಲ್ಲಿ ನೀರು ಬೇರೆ ಸೇರುತ್ತದೆ. ಲ್ಯಾಕ್ಟೋಸ್ ಆಗದವರಲ್ಲೂ ಹೆಚ್ಚಿನವರು ದಿನಕ್ಕೆ ಒಂದು ಲೋಟ ಹಾಲಿನಷ್ಟನ್ನು, ಊಟದ ಜೊತೆ ಹಂಚಿಕೊಂಡು, ತಡೆದುಕೊಳ್ಳುತ್ತಾರೆ. ಚಾಕ್ಕೆ ಹಾಕುವ ನಾಲ್ಕು ಚಮಚಕ್ಕೆ ಹೆದರಬೇಕಿಲ್ಲ. ಜೀರಿಗೆ, ಶುಂಠಿ ಅಥವಾ ಒಂದೆಲಗದ ತಂಬುಳಿ ಹೊಟ್ಟೆ ಕೆಟ್ಟ ದಿನಕ್ಕೂ ಹಿತ, ಕಾಯಿ ಮಾತ್ರ ಸ್ವಲ್ಪ ಕಡಿಮೆ ಹಾಕಿ ಅರೆಯಿರಿ. ಹಾಲು, ಮೊಸರು ಎರಡೂ ಬಿಟ್ಟವರಿಗೆ ಕ್ಯಾಲ್ಸಿಯಂ ಬೇರೆ ಕಡೆಯಿಂದ ಬರಬೇಕು: ರಾಗಿ, ಎಳ್ಳು, ಮೀನು ತಿನ್ನುವವರಾದರೆ ಮುಳ್ಳು ಸಮೇತ ತಿನ್ನುವ ಸಣ್ಣ ಮೀನು.

ನೀರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಅಡುಗೆ ಮಾಡುದು ಹೇಗೆ ಮಾರಾಯ್ರೆ?

ಈ ಪ್ರಶ್ನೆಗೆ ಉತ್ತರ ಉಡುಪಿಯಲ್ಲೇ ಇದೆ! ಶ್ರೀಕೃಷ್ಣ ಮಠದ ಅಡುಗೆಯಲ್ಲಿ ಎರಡೂ ಇಲ್ಲ. ಅಷ್ಟು ಸಾವಿರ ಜನ ಉಣ್ಣುವ ಸಾರು, ಹುಳಿ, ಪಲ್ಯ, ಎಲ್ಲಕ್ಕೂ ರುಚಿ ಬರುವುದು ಇಂಗು, ಕೊತ್ತಂಬರಿ, ಜೀರಿಗೆ, ಮೆಂತೆ, ಕರಿಬೇವು, ಕಾಯಿತುರಿಯಿಂದ. ಆ ಲೋ ಫಾಡ್‌ಮ್ಯಾಪ್ ಪಥ್ಯ ರೂಪಿಸಿದ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ತಜ್ಞರು ಐಬಿಎಸ್‌ಗೆ ಬಿಡಲು ಹೇಳುವ ಪದಾರ್ಥಗಳಲ್ಲಿ ಮುಂದಿರುವ ಎರಡು ನಮ್ಮ ಎಷ್ಟೋ ಮನೆಯ ವ್ರತದ ಅಡುಗೆಯಲ್ಲಿ ಮೊದಲೇ ಇಲ್ಲ.

ತೊಂದರೆ ಕೊಡುವುದು ಇವುಗಳಲ್ಲಿರುವ ಫ್ರಕ್ಟಾನ್ ಎಂಬ ಒಂದು ಬಗೆಯ ಸಕ್ಕರೆ. ಅದನ್ನು ಒಡೆಯುವ ಕಿಣ್ವ ಮನುಷ್ಯರಲ್ಲಿ ಯಾರಿಗೂ ಇಲ್ಲ, ಅದು ಹಾಗೇ ದೊಡ್ಡ ಕರುಳಿಗೆ ಹೋಗಿ ಹುದುಗುತ್ತದೆ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಬೆಳ್ಳುಳ್ಳಿಯ ಪರಿಮಳ ಬೇಕೇ ಬೇಕು ಅನ್ನುವವರು ಎಸಳನ್ನು ಜಜ್ಜದೆ ಎಣ್ಣೆಯಲ್ಲಿ ಬಾಡಿಸಿ, ಎಸಳು ಪೂರ್ತಿ ತೆಗೆದು, ಆ ಎಣ್ಣೆಯಲ್ಲಿ ಒಗ್ಗರಣೆ ಕೊಡಿ. ಸಾರಿನಲ್ಲಿ ಕುದಿಸಿ ಆಮೇಲೆ ಎಸಳು ಎತ್ತಿಟ್ಟರೆ ಪ್ರಯೋಜನ ಇಲ್ಲ, ಅಷ್ಟರಲ್ಲಿ ಸಾರಿಗೆ ಇಳಿದಾಗಿರುತ್ತದೆ. ಸ್ಪ್ರಿಂಗ್ ಆನಿಯನ್ನಿನ ಹಸಿರು ಎಲೆಯ ಭಾಗವನ್ನೂ ಬಳಸಬಹುದು.

ಬೇಳೆ, ಹುರುಳಿ, ಕಡಲೆ ತಿಂದ್ರೆ ಹೊಟ್ಟೆ ಡೋಲಾಗ್ತದೆ. ಪೂರ್ತಿ ಬಿಡ್ಲಾ?

ಸಸ್ಯಾಹಾರಿಯಾದರೆ ಬಿಡಲೇಬೇಡಿ, ಪ್ರೋಟೀನಿಗೆ ಎಲ್ಲಿ ಹೋಗುತ್ತೀರಿ? ಪ್ರಮಾಣ ಇಳಿಸಿ, ಮಾಡುವ ಕ್ರಮ ಬದಲಿಸಿ. ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಬೇಯಿಸಿ. ವಾಯು ಮಾಡುವ ಸಕ್ಕರೆಯ ಒಂದು ಪಾಲು ನೆನೆಸಿದ ನೀರಿನ ಜೊತೆ ಹೋಗುತ್ತದೆ. ಮೊಳಕೆ ಬರಿಸಿದರೆ ಇನ್ನೂ ಕಡಿಮೆಯಾಗುತ್ತದೆ, ಆದರೆ ಹಸಿ ಮೊಳಕೆ ಬೇಡ. ಉದ್ದಿನ ಹಿಟ್ಟು ಹುದುಗಿದ ಇಡ್ಲಿ ಅನೇಕರಿಗೆ ಆಗುತ್ತದೆ, ಅದೇ ಉದ್ದಿನ ವಡೆ ಆಗುವುದಿಲ್ಲ. ಕಡಲೆ, ಅಲಸಂಡೆ ಕಾಳಿಗಿಂತ ಸಿಪ್ಪೆ ತೆಗೆದ ಹೆಸರುಬೇಳೆ ಹಗುರ. ಕಾಲು ಲೋಟ ಬೆಂದ ಬೇಳೆಯಿಂದ ಶುರು ಮಾಡಿ.

ಮೀನು ಬಿಡ್ಬೇಕಾ? ಖಾರ?

ಮೀನಿನಲ್ಲಿ ಹುದುಗುವ ಸಕ್ಕರೆಯೇ ಇಲ್ಲ. ಬಂಗುಡೆ, ಬೂತಾಯಿ, ಕಾಣೆ ಯಾವುದಾದರೂ ತಿನ್ನಿ. "ಮೀನು ಆಗುವುದಿಲ್ಲ" ಅನ್ನುವವರಿಗೆ ಬಹಳ ಸಲ ಆಗದೇ ಇರುವುದು ಮಸಾಲೆಯ ಬೆಳ್ಳುಳ್ಳಿ, ಖಾರ ಅಥವಾ ಕಾದ ಎಣ್ಣೆ. ಎರಡು ಸಲ ಮೀನನ್ನು ಅರಿಶಿನ, ಉಪ್ಪು, ಪುನರ್ಪುಳಿ ಹಾಕಿ ಬರೇ ಬೇಯಿಸಿ ತಿಂದು ನೋಡಿ, ಗೊತ್ತಾಗುತ್ತದೆ. ಮೆಣಸಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಕರುಳಿನ ನೋವಿನ ನರಗಳನ್ನು ನೇರ ಮುಟ್ಟುತ್ತದೆ, ಆದ್ದರಿಂದ ಭೇದಿ, ಉರಿ ಇರುವವರಿಗೆ ಖಾರ ಇಳಿಸಿದರೆ ಬೇಗ ಫಲ ಸಿಗುತ್ತದೆ. ಬ್ಯಾಡಗಿ ಮೆಣಸು ಬಣ್ಣಕ್ಕೆ ಜಾಸ್ತಿ, ಖಾರಕ್ಕೆ ಕಡಿಮೆ. ಖಾರದ ಗಿಡ್ಡ ಮೆಣಸು ಬಿಟ್ಟು ಇದೊಂದನ್ನೇ ಇಟ್ಟುಕೊಳ್ಳಿ.

ಮೇ ತಿಂಗಳು ಬಂತು. ಮಾವು, ಹಲಸು?

ಮಾವಿನಲ್ಲಿ ಕರುಳು ಹೀರಲಾಗದೆ ಉಳಿಯುವಷ್ಟು ಫ್ರಕ್ಟೋಸ್ ಎಂಬ ಹಣ್ಣಿನ ಸಕ್ಕರೆ ಇದೆ. ಒಂದೆರಡು ಹೋಳು ತಿಂದು ಸುಮ್ಮನಾದವರಿಗೆ ಏನೂ ಆಗದಿರಬಹುದು, ಬಟ್ಟಲು ತುಂಬ ತಿಂದರೆ ಸಂಜೆ ಗೊತ್ತಾಗುತ್ತದೆ. ಹಲಸಿಗೂ ಇದೇ ಲೆಕ್ಕ ಹಿಡಿಯಿರಿ: ಎರಡು ಸೊಳೆ ತಿಂದು ಒಂದು ದಿನ ನೋಡಿ. ಪಪ್ಪಾಯಿ, ಅನಾನಸು, ಕಿತ್ತಳೆ ಹೆಚ್ಚಿನವರಿಗೆ ಹಗುರ. ಬಾಳೆಹಣ್ಣು ತೀರಾ ಹಣ್ಣಾದಷ್ಟೂ ಅದರಲ್ಲಿ ಫ್ರಕ್ಟಾನ್ ಏರುತ್ತದೆ, ಸ್ವಲ್ಪ ಗಟ್ಟಿ ಇರುವಾಗಲೇ ತಿನ್ನಿ.

ಬನ್ಸ್, ಗೋಳಿಬಜೆ, ಗಡ್‌ಬಡ್?

ಬನ್ಸ್ ಅಂದರೆ ಕಳಿತ ಬಾಳೆಹಣ್ಣು, ಮೈದಾ, ಎಣ್ಣೆ. ಗೋಳಿಬಜೆಯೂ ಮೈದಾ, ಎಣ್ಣೆ. ಗಡ್‌ಬಡ್‌ನಲ್ಲಿ ಐಸ್‌ಕ್ರೀಮ್, ಹಣ್ಣು, ಗೋಡಂಬಿ. ಹೊಟ್ಟೆ ಶಾಂತ ಇರುವ ವಾರದಲ್ಲಿ, ಖಾಲಿ ಹೊಟ್ಟೆಗಲ್ಲದೆ, ಒಂದನ್ನು ಇನ್ನೊಬ್ಬರ ಜೊತೆ ಹಂಚಿಕೊಂಡು ತಿನ್ನಿ. ಜೀವನಪೂರ್ತಿ ನಿಷೇಧ ಬೇಡ.

## ಸ್ವಲ್ಪ ಆಳಕ್ಕೆ

ನಾರಿನ ಅಂಶ ಜಾಸ್ತಿ ತಿನ್ನಿ ಅಂದ್ರು. ತಿಂದ ಮೇಲೆ ಇನ್ನೂ ಜೋರಾಯ್ತು. ಯಾಕೆ?

ನಾರಿನಲ್ಲಿ ಎರಡು ಬಗೆ. ಗೋಧಿ ತೌಡಿನಂಥ ಒರಟು ನಾರು ಐಬಿಎಸ್‌ನಲ್ಲಿ ನೋವು ಹೆಚ್ಚಿಸಬಹುದು. ಇಸಬಗೋಲು ನೀರು ಹೀರಿ ಲೋಳೆಯಾಗುವ ಬಗೆ, ಅದು ಗಟ್ಟಿ ಮಲವನ್ನು ಮೆತ್ತಗೆ ಮಾಡುತ್ತದೆ, ತೆಳ್ಳಗಿದ್ದುದಕ್ಕೂ ಒಂದು ರೂಪ ಕೊಡುತ್ತದೆ. 2009ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 275 ಮಂದಿಗೆ ಇಸಬಗೋಲು, ತೌಡು, ಅಕ್ಕಿಹಿಟ್ಟು ಹಂಚಿ ಹೋಲಿಸಿದ ಅಧ್ಯಯನ ಬಂತು. ಇಸಬಗೋಲು ಗೆದ್ದಿತು. ತೌಡಿನ ಗುಂಪಿನಲ್ಲಿ ತೊಂದರೆ ಹೆಚ್ಚಾಯಿತು ಅಂತ ನಡುವೆ ಬಿಟ್ಟವರು ಜಾಸ್ತಿ. ದಿನಕ್ಕೆ ಒಂದು ಟೀ ಚಮಚದಿಂದ ಶುರು ಮಾಡಿ, ದೊಡ್ಡ ಲೋಟ ನೀರಿನ ಜೊತೆ ತೆಗೆದುಕೊಂಡು, ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ಬಸಳೆ, ಸೌತೆ, ಕುಂಬಳ ಬೇಯಿಸಿ ತಿನ್ನುವುದು ನಡೆಯಲಿ.

ಈ ಲೋ ಫಾಡ್‌ಮ್ಯಾಪ್ ಡಯಟ್ ಅಂದ್ರೆ ಎಂತ? ನಾನೇ ಮನೆಯಲ್ಲಿ ಮಾಡ್ಬಹುದಾ?

ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಲಾಗದೆ, ನೀರು ಎಳೆದುಕೊಂಡು, ಮುಂದೆ ಹೋಗಿ ಹುದುಗುವ ಕೆಲವು ಸಕ್ಕರೆಗಳ ಗುಂಪಿಗೆ ಫಾಡ್‌ಮ್ಯಾಪ್ ಅಂತ ಹೆಸರು. ಫ್ರಕ್ಟಾನ್, ಬೇಳೆಕಾಳಿನ ಸಕ್ಕರೆ, ಲ್ಯಾಕ್ಟೋಸ್, ಹೆಚ್ಚಾದ ಫ್ರಕ್ಟೋಸ್, ಮತ್ತೆ ಸಾರ್ಬಿಟಾಲ್‌ನಂಥವು. ಡಯಾಬಿಟಿಸ್ ಇದ್ದವರು ಶುಗರ್‌ಫ್ರೀ ಚಾಕೊಲೇಟ್ ತಿಂದು ಭೇದಿಯಾಗುವುದು ಈ ಕೊನೆಯದರಿಂದಲೇ. ಇದನ್ನು ಬೆಳೆಸಿದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯ.

ಇದರಲ್ಲಿ ಮೂರು ಹಂತ. ಮೊದಲು 2ರಿಂದ 6 ವಾರ ಇವೆಲ್ಲವನ್ನೂ ಕಡಿಮೆ ಮಾಡುವುದು. ಫಲ ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿ ಮೊದಲಿನ ಊಟಕ್ಕೆ ಮರಳಬೇಕು. ಫಲ ಸಿಕ್ಕಿದರೆ ಒಂದೊಂದೇ ಗುಂಪನ್ನು ಮತ್ತೆ ತಿಂದು ನೋಡುವುದು: ಮೂರು ದಿನ ಒಂದೇ ಪದಾರ್ಥ, ಸ್ವಲ್ಪದಿಂದ ಶುರು ಮಾಡಿ ಏರಿಸುತ್ತಾ, ಆಮೇಲೆ ಒಂದೆರಡು ದಿನ ಬಿಡುವು. ಕೊನೆಗೆ ನಿಮಗೆ ಆಗದ್ದನ್ನು ಮಾತ್ರ ಕಡಿಮೆ ಮಾಡಿ, ಉಳಿದದ್ದೆಲ್ಲ ತಟ್ಟೆಗೆ ವಾಪಸ್.

ಉಡುಪಿ ಕಡೆ ಚಾತುರ್ಮಾಸ್ಯ ಆಚರಿಸುವ ಮನೆಯವರಿಗೆ ಈ ಕ್ರಮ ಹೇಳಿಕೊಡುವುದು ಸುಲಭ. ಶಾಕ ವ್ರತದಲ್ಲಿ ತರಕಾರಿ ಇಲ್ಲ, ದಧಿ ವ್ರತದಲ್ಲಿ ಮೊಸರಿಲ್ಲ, ಕ್ಷೀರ ವ್ರತದಲ್ಲಿ ಹಾಲಿಲ್ಲ, ದ್ವಿದಳ ವ್ರತದಲ್ಲಿ ಬೇಳೆಕಾಳಿಲ್ಲ. ತಿಂಗಳು ಮುಗಿದ ಮೇಲೆ ಬಿಟ್ಟದ್ದು ಮತ್ತೆ ಎಲೆಗೆ ಬರುತ್ತದೆ. ವ್ರತದ ಉದ್ದೇಶವೇ ಬೇರೆ, ಅದರಿಂದ ಪಥ್ಯವನ್ನು ನಡೆಸಲಾಗದು. ಆದರೂ "ದ್ವಿದಳದ ತಿಂಗಳಲ್ಲಿ ನನ್ನ ಹೊಟ್ಟೆ ಹಗುರ ಇರ್ತದೆ" ಅಂತ ಯಾರಾದರೂ ಹೇಳಿದರೆ ನಾನು ಕೂಡಲೇ ಬರೆದುಕೊಳ್ಳುತ್ತೇನೆ.

ಒಬ್ಬರೇ ಮಾಡುವ ಬದಲು ಡಯಟೀಷಿಯನ್ ಜೊತೆ ಮಾಡಿ. ಮಕ್ಕಳು, ಬಸುರಿಯರು, ಮೊದಲೇ ತೂಕ ಕಡಿಮೆ ಇರುವವರು, ಊಟದ ಬಗ್ಗೆ ಭಯ ಇರುವವರು ಇದಕ್ಕೆ ಕೈ ಹಾಕಲೇಬಾರದು, ಅವರಿಗೆ ಬೇರೆ ದಾರಿಗಳಿವೆ.

ಪಟ್ಟಿ ನೋಡಿ ಎಲ್ಲ ಬಿಟ್ಟು ವರ್ಷ ಆಯ್ತು. ಹೊಟ್ಟೆ ಪರವಾಗಿಲ್ಲ. ಮತ್ತೆ ಯಾಕೆ ಶುರು ಮಾಡ್ಬೇಕು?

ಯಾಕೆಂದರೆ ನೀವು ಮೊದಲ ಹಂತದಲ್ಲೇ ನಿಂತುಬಿಟ್ಟಿದ್ದೀರಿ. ಹುದುಗುವ ಸಕ್ಕರೆಗಳು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳ ಆಹಾರವೂ ಹೌದು. ಈ ಪಥ್ಯದಲ್ಲಿ ಅವುಗಳಲ್ಲಿ ಒಂದಾದ ಬೈಫಿಡೋಬ್ಯಾಕ್ಟೀರಿಯಾ ಕಡಿಮೆಯಾಗುವುದು ಅಧ್ಯಯನಗಳಲ್ಲಿ ಕಂಡಿದೆ. ನಾರು, ಕ್ಯಾಲ್ಸಿಯಂ ಕೂಡ ಕಡಿಮೆಯಾಗುತ್ತದೆ. ಅದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು: ಪಟ್ಟಿ ಉದ್ದವಾದಷ್ಟೂ ಭಯ ಉದ್ದವಾಗುತ್ತದೆ. ಇದು ತಿಂದರೆ ನೋವು ಬಂದೇ ಬರುತ್ತದೆ ಅಂತ ಕಾದು ಕೂತ ಮಿದುಳು ಕರುಳಿನ ಸಣ್ಣ ಸದ್ದನ್ನೂ ಹುಡುಕಿ ಹಿಡಿಯುತ್ತದೆ, ನೋವು ನಿಜವಾಗಿಯೂ ಬರುತ್ತದೆ. ಮದುವೆಗೆ ಹೋಗುವುದು ಬಿಟ್ಟವರು, ತಂಗಿಯ ಮನೆಯಲ್ಲೂ ಉಣ್ಣದವರು, ಎಂಟು ಕಿಲೋ ಇಳಿದು ಕೆನ್ನೆ ಒಳಗೆ ಹೋದವರು ನನ್ನೆದುರು ಕೂತಿದ್ದಾರೆ. ಅವರಿಗೆ ಬೇಕಾದದ್ದು ಇನ್ನೊಂದು ಪಟ್ಟಿಯಲ್ಲ. ಈ ವಾರವೇ ಒಂದು ಪದಾರ್ಥ ಆರಿಸಿ, ಎರಡು ಚಮಚ ತಿಂದು ಶುರು ಮಾಡಿ.

ಗ್ಲುಟನ್ ಬಿಟ್ರೆ ಒಳ್ಳೆದಾ?

ಗ್ಲುಟನ್ ಅಂದರೆ ಗೋಧಿಯಂಥ ಧಾನ್ಯದಲ್ಲಿರುವ ಪ್ರೋಟೀನ್. ಅದನ್ನು ಬಿಡುವ ಮೊದಲು ಸೀಲಿಯಾಕ್ ಕಾಯಿಲೆಯ (ಗ್ಲುಟನ್ ತಿಂದರೆ ಸಣ್ಣ ಕರುಳಿಗೆ ಹಾನಿಯಾಗುವ ಕಾಯಿಲೆ) ರಕ್ತ ಪರೀಕ್ಷೆ ಮಾಡಿಸಿ. ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು, ಬಿಟ್ಟ ಮೇಲೆ ಮಾಡಿಸಿದರೆ ತಪ್ಪು ಫಲಿತಾಂಶ ಬರಬಹುದು. ಆ ಕಾಯಿಲೆ ಇದ್ದರೆ ಜೀವನಪೂರ್ತಿ ಗ್ಲುಟನ್ ಬೇಡ, ಆಗ ಇಂಗಿನ ಡಬ್ಬಿಯನ್ನೂ ಓದಬೇಕು, ಅದರಲ್ಲಿ ಗೋಧಿ ಹಿಟ್ಟು ಬೆರೆಸಿರುವುದುಂಟು. ಇಲ್ಲದವರಿಗೆ ಗೋಧಿಯಿಂದ ತೊಂದರೆಯಾದರೆ ಅದರ ಫ್ರಕ್ಟಾನ್ ಕಾರಣ ಇರುವ ಸಂಭವ ಹೆಚ್ಚು. ನಾರ್ವೆಯಲ್ಲಿ 59 ಮಂದಿಗೆ ಏನಿದೆ ಅಂತ ತಿಳಿಸದೆ ಗ್ಲುಟನ್, ಫ್ರಕ್ಟಾನ್, ಎರಡೂ ಇಲ್ಲದ ತಿಂಡಿ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಬಂತು. ಗ್ಲುಟನ್ ಆಗುವುದಿಲ್ಲ ಅಂದುಕೊಂಡಿದ್ದ ಅವರಲ್ಲಿ ಹೆಚ್ಚು ತೊಂದರೆ ಕೊಟ್ಟದ್ದು ಫ್ರಕ್ಟಾನ್. ಅಂದರೆ ಒಂದು ಚಪಾತಿ ಆಗಬಹುದು, ನಾಲ್ಕು ಆಗಲಿಕ್ಕಿಲ್ಲ.

ರಕ್ತ ಕೊಟ್ರೆ ಯಾವ ಆಹಾರ ಆಗುದಿಲ್ಲ ಅಂತ ಹೇಳುವ ಟೆಸ್ಟ್ ಉಂಟಂತೆ. ಪ್ರೋಬಯೋಟಿಕ್ ಕ್ಯಾಪ್ಸೂಲ್?

ಐಜಿಜಿ ಅನ್ನುವ ಆ ರಕ್ತದ ಟೆಸ್ಟಿಗೆ ದುಡ್ಡು ಹಾಕಬೇಡಿ. ನೀವು ಆ ಆಹಾರ ತಿಂದಿದ್ದೀರಿ ಅಂತ ಮಾತ್ರ ಅದು ತೋರಿಸುತ್ತದೆ, ಅಲರ್ಜಿ ತಜ್ಞರ ಸಂಘಗಳೇ ಅದನ್ನು ಬೇಡ ಅಂದಿವೆ. ಪ್ರೋಬಯೋಟಿಕ್ ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಮಾತ್ರೆ, ಅದಕ್ಕೆ ಸಾಕ್ಷ್ಯ ಮಿಶ್ರ. ನೋಡಲೇಬೇಕು ಅಂದರೆ ಒಂದೇ ಬಗೆಯದ್ದು ತಿಂಗಳೊಂದು ತಿಂದು, ಫಲ ಇಲ್ಲದಿದ್ದರೆ ಬಿಡಿ.

ಬಸ್ ಹತ್ತುವ ಮೊದಲೇ ಹೊಟ್ಟೆ ಕೆಡ್ತದೆ. ಇದಕ್ಕೂ ಊಟಕ್ಕೂ ಸಂಬಂಧ ಉಂಟಾ?

ಸ್ವಲ್ಪ ಉಂಟು. ಉಡುಪಿಯಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗುವವರು, ದಾರಿಯಲ್ಲಿ ಟಾಯ್ಲೆಟ್ ಸಿಗದಿದ್ದರೆ ಅಂತ ಹೆದರಿ ತಿಂಡಿಯನ್ನೇ ಬಿಡುತ್ತಾರೆ. ಆಮೇಲೆ ಮಧ್ಯಾಹ್ನ ಹಸಿದು ಜಾಸ್ತಿ ಉಂಡು, ವಾಪಸ್ ಬರುವಾಗ ಒದ್ದಾಡುತ್ತಾರೆ. ಅರ್ಧ ಗಂಟೆ ಬೇಗ ಎದ್ದು, ಎರಡು ಇಡ್ಲಿ ತಿಂದು, ಬೆಚ್ಚಗಿನದು ಏನಾದರೂ ಕುಡಿದು, ಟಾಯ್ಲೆಟ್ಟಿಗೆ ಗಡಿಬಿಡಿ ಇಲ್ಲದ ಹತ್ತು ನಿಮಿಷ ಕೊಡಿ. ಬಸ್ಸಿನಲ್ಲಿ ಉಸಿರನ್ನು ನಿಧಾನ ಹೊಟ್ಟೆಯಿಂದ ಎಳೆದು, ಅದಕ್ಕಿಂತ ನಿಧಾನ ಬಿಡಿ. ಇಷ್ಟರಲ್ಲೂ ಭಯ ಹೋಗದಿದ್ದರೆ ಆಪ್ತಸಲಹೆಗಾರರನ್ನು ನೋಡಿ. ಈ ಕಾಯಿಲೆಗೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳಿವೆ, ಅವು ಕೆಲಸ ಮಾಡುತ್ತವೆ.

ಹೊಟ್ಟೆಗೆ ಹೋದ್ರೆ ಡಾಕ್ಟ್ರು ಡಿಪ್ರೆಶನ್ ಮಾತ್ರೆ ಬರೆದ್ರು. ಊಟದಲ್ಲೇ ಸರಿ ಮಾಡ್ಲಿಕ್ಕೆ ಆಗುದಿಲ್ವಾ?

ಹೆದರಬೇಡಿ. ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆ ಕಡಿಮೆ ಪ್ರಮಾಣದಲ್ಲಿ ಕರುಳಿನ ನೋವಿನ ನರಗಳನ್ನು ತಣಿಸುತ್ತದೆ. ಬ್ರಿಟನ್ನಿನಲ್ಲಿ 463 ಮಂದಿಯ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಐಬಿಎಸ್‌ಗೆ ಇದರಿಂದ ಪ್ರಯೋಜನ ಕಂಡಿದೆ. ನರ ತಣಿದರೆ ಬಿಟ್ಟ ಆಹಾರ ವಾಪಸ್ ತರುವುದೂ ಸುಲಭ. ಊಟವೋ ಮಾತ್ರೆಯೋ ಅಂತ ಆರಿಸಬೇಕಾಗಿಲ್ಲ, ಎರಡೂ ಒಟ್ಟಿಗೆ ನಡೆಯಬಹುದು. ನಿಮ್ಮಷ್ಟಕ್ಕೆ ಮಾತ್ರೆ ನಿಲ್ಲಿಸಬೇಡಿ.

ಮನೆಯಲ್ಲಿ ಒಬ್ಬರಿಗೆ ಮಾತ್ರ ಈ ತೊಂದರೆ. ಎರಡೆರಡು ಅಡುಗೆ ಮಾಡ್ಬೇಕಾ?

ಬೇಡ. ಅಡುಗೆ ಮಾಡುವವರಿಗೂ ಜೀವ ಉಂಟು. ಅನ್ನ, ಮೀನು, ಬೆಂದ ತರಕಾರಿ ಎಲ್ಲರಿಗೂ ಒಂದೇ. ಸಾರು, ಗಸಿಯ ಮಸಾಲೆಯನ್ನು ನೀರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಅರೆದು ಕುದಿಸಿ, ಅವರ ಪಾಲನ್ನು ಸಣ್ಣ ಪಾತ್ರೆಗೆ ತೆಗೆದು ಇಂಗಿನ ಒಗ್ಗರಣೆ ಕೊಡಿ. ಉಳಿದದ್ದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ.